ಡೋರ್ ನಂಬರ್ ಇದ್ದೋರು ಮಾತ್ರ ಸಾರ್ವಜನಿಕರಾ?

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ. ಎರಡು ವಾರದಿಂದ ಹೊಟ್ಟೆಯೊಳಗೆ ಇಟ್ಕೊಂಡು ಓಡಾಡ್ತಿದ್ದೀನಿ.

ಬೆಂಗಳೂರಿನಲ್ಲಿ ನಾನಿರೋ ಬಡಾವಣೆಯ ಪಾರ್ಕಿನ ಗೇಟಿಗೆ ಒಂದು ನೋಟಿಸ್ ಅಂಟಿಸಿದ್ರು. ಉದ್ಯಾನವನದ ನಿರ್ವಹಣೆ ಮತ್ತು ಸುರಕ್ಷತೆ ಕುರಿತು ಸಾರ್ವಜನಿಕ ಸಮಾಲೋಚನಾ ಸಭೆ, ಭಾನುವಾರ ಬೆಳಿಗ್ಗೆ ಏಳೂವರೆಗೆ, ಪಾರ್ಕಿನ ಮಂಟಪದಲ್ಲಿ, ಸಾರ್ವಜನಿಕರು ಬಂದು ಅಭಿಪ್ರಾಯ ತಿಳಿಸಬೇಕು ಅಂತ. ವಿಷಯ ಮೂರು. ರಾತ್ರಿ ಪಾರ್ಕಿನಲ್ಲಿ ಮಲಗುವವರ ತೆರವು. ಕಾಂಪೌಂಡಿನ ಮೇಲೆ ಎತ್ತರದ ಗ್ರಿಲ್. ಪಾರ್ಕಿನ ಹಿಂದಿನ ರಸ್ತೆಯಲ್ಲಿ ವರ್ಷಗಳಿಂದ ಬೀಗ ಬಿದ್ದಿರೋ ಪಾಲಿಕೆ ಕಟ್ಟಡದಲ್ಲಿ ವಸತಿರಹಿತರ ಆಶ್ರಯ ಕೇಂದ್ರ ತೆರೆಯೋ ಪ್ರಸ್ತಾವ ಬಂದಿದೆ, ಅದು ಬೇಕೋ ಬೇಡವೋ.

ಆ ಮಂಟಪದಲ್ಲಿ ಮಳೆ ಬಂದ ರಾತ್ರಿ ಇಪ್ಪತ್ತು ಜನ ಮಲಗ್ತಾರೆ. ಬೆಳಿಗ್ಗೆ ಐದಕ್ಕೆ ವಾಕಿಂಗಿನವರು ಬರೋ ಮುಂಚೆ ಸೆಕ್ಯೂರಿಟಿ ಕೋಲಲ್ಲಿ ಕಂಬ ಬಡಿದು ಎಬ್ಬಿಸ್ತಾನೆ. ಅವರು ಗಂಟು ಹೊತ್ಕೊಂಡು ಹೊರಡ್ತಾರೆ. ಅಂದ್ರೆ ಯಾರ ವಿಚಾರಕ್ಕೆ ಸಭೆಯೋ ಅವರನ್ನ ಎಬ್ಬಿಸಿ ಕಳಿಸಿದ ಎರಡೂವರೆ ಗಂಟೆ ಮೇಲೆ, ಅವರು ಮಲಗಿದ್ದ ಅದೇ ಕಲ್ಲುಹಾಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅವರ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದ್ರು.

(ಪಾರ್ಕಿನ ಹೆಸರು ಬರೆಯಲ್ಲ. ರಾತ್ರಿ ಗೇಟು ಹಾಕಿದ ಮೇಲೂ ಒಳಗೆ ಬಿಡೋನು ಆ ಸೆಕ್ಯೂರಿಟಿ ಹುಡುಗನೇ. ಹನ್ನೆರಡು ಗಂಟೆ ಪಾಳಿ, ಗುತ್ತಿಗೆ ಸಂಬಳ, ಅದೂ ತಿಂಗಳು ತಡ. ನನ್ನ ಪೋಸ್ಟಿನಿಂದ ಅವನ ಕೆಲಸ ಹೋಗೋದು ಬೇಡ.)

ಮಂಟಪದ ಬಾಯಲ್ಲಿ ಒಂದು ಟೇಬಲ್, ಹಾಜರಿ ಪುಸ್ತಕ. ಹೆಸರು, ಮನೆ ನಂಬರ್, ಮೊಬೈಲ್, ಇಮೇಲ್, ಸಹಿ. ನಾನು ಯೋಚನೆನೇ ಮಾಡದೆ ಐದೂ ತುಂಬಿ ಒಳಗೆ ಹೋಗಿ ಕೂತೆ. ನನ್ನ ಹಿಂದೆ ಒಬ್ಬ ಅಜ್ಜ ನಿಂತಿದ್ದರು. ರಾಯಚೂರು ಕಡೆಯವರು, ಅರವತ್ತೈದರ ಆಸುಪಾಸು. ಛತ್ರಗಳಲ್ಲಿ ಮದುವೆ ಅಡುಗೆಯವರ ಹತ್ರ ಮುಸುರೆ ತಿಕ್ಕೋ ಕೆಲಸ. ನಾನು ಬಸ್ ಸ್ಟಾಪಿಗೆ ಹೋಗುವಾಗ ದಿನಾ ಕಾಣೋ ಮುಖ. ಆವತ್ತು ಕೆಲಸ ಇರಲಿಲ್ಲವಂತೆ, ನೋಟಿಸ್ ಯಾರೋ ಓದಿ ಹೇಳಿದ್ರಂತೆ, ಬಂದಿದ್ದರು. ಟೇಬಲ್ ಹತ್ರ ಕೂತಿದ್ದವರು ಕೇಳಿದ್ರು, "ಮನೆ ನಂಬರ್?" ಅಜ್ಜ ಸುಮ್ಮನಿದ್ದರು. "ಇದು ವಾರ್ಡಿನ ನಿವಾಸಿಗಳಿಗೆ ಮಾತ್ರ, ಆಮೇಲೆ ಬನ್ನಿ." ಅಜ್ಜ ನನ್ನ ಕಡೆ ತಿರುಗಿ, "ಇಲ್ಲೇ ಹನ್ನೊಂದು ವರ್ಷ ಆತ್ರೀ ಮೇಡಮ್ಮಾರ" ಅಂದ್ರು. ಜಗಳ ಮಾಡೋ ದನಿ ಅಲ್ಲ ಅದು, ಮಾಹಿತಿ ಕೊಟ್ಟ ಹಾಗೆ. ಆಮೇಲೆ ಹೋಗಿ ಹೂವಿನ ಗಿಡದ ಪಾತಿ ಕಟ್ಟೆ ಮೇಲೆ ಕೂತರು, ಮಾತು ಕೇಳಿಸದಷ್ಟು ದೂರದಲ್ಲಿ.

ಅಜ್ಜನ ಹೆಸರು ಬರೆಸಿದ ಮೇಲೇ ನಾನು ಒಳಗೆ ಬರ್ತೀನಿ ಅಂತ ಹಟ ಹಿಡೀಬೇಕಿತ್ತು. ಹಿಡೀಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೇರೆಯವರನ್ನ ಬೈಯ್ತೀನಿ.

ಸಭೆಯಲ್ಲಿ ಮೊದಲು ಮಾತಾಡಿದ ಯುವಕ ಬಡಾವಣೆಗೆ ಬಂದು ಎಂಟು ತಿಂಗಳಾಗಿದೆ ಅಂತ ತಾನೇ ಹೇಳ್ಕೊಂಡ. ಬಾಡಿಗೆ ಮನೆ. ಅವನ ಮೇಲೆ ನನಗೇನೂ ಸಿಟ್ಟಿಲ್ಲ, ಮರ್ಯಾದೆಯಾಗಿಯೇ ಮಾತಾಡಿದ. ಆದರೆ ಲೆಕ್ಕ ನೋಡಿ. ಎಂಟು ತಿಂಗಳಿನವನು ನಿವಾಸಿ, ಹನ್ನೊಂದು ವರ್ಷದವರು ನಿವಾಸಿ ಅಲ್ಲ. ನಡುವೆ ಇರೋ ವ್ಯತ್ಯಾಸ ಒಂದು ಬಾಗಿಲು.

ಆಮೇಲೆ ಬಂದ ಮಾತುಗಳು ನಿಮಗೆಲ್ಲ ಗೊತ್ತಿರೋವೇ. ಮಕ್ಕಳು ಆಡೋ ಜಾಗ. ಹೆಣ್ಣುಮಕ್ಕಳು ಓಡಾಡೋ ಜಾಗ. ಗಲೀಜು ಮಾಡ್ತಾರೆ. ಎಲ್ಲಿಂದ ಬಂದವರೋ ಏನೋ. ಮನೆ ರೇಟು ಬಿದ್ದೋಗುತ್ತೆ (ಇದನ್ನ ಒಬ್ಬರೇ ಬಾಯಿಬಿಟ್ಟು ಹೇಳಿದ್ದು, ಆದರೆ ಚಪ್ಪಾಳೆ ಇದಕ್ಕೇ ಜಾಸ್ತಿ). ಆಶ್ರಯ ಕೇಂದ್ರ ಬೇಡ ಅಂತ ಯಾರೂ ಹೇಳಲಿಲ್ಲ. ಬೇಕು, ಖಂಡಿತ ಬೇಕು, ಮಾನವೀಯತೆ ಇರಬೇಕಲ್ವಾ, ಆದರೆ ಇಲ್ಲಿ ಬೇಡ. ಪಕ್ಕದ ವಾರ್ಡಿನಲ್ಲೂ ಇದನ್ನೇ ಹೇಳಿರ್ತಾರೆ, ಅದರ ಪಕ್ಕದಲ್ಲೂ ಇದನ್ನೇ. ಜಾತಿ ಹೆಸರು ಒಂದು ಸಲವೂ ಬರಲಿಲ್ಲ. "ಆ ಜನ", "ಆ ಥರದೋರು", "ಅವರ ಅಭ್ಯಾಸಗಳು ಗೊತ್ತಲ್ಲ". ಊರಲ್ಲಿ ಹೋಟೆಲಿನ ಹೊರಗೆ ತೆಂಗಿನ ಚಿಪ್ಪಲ್ಲಿ ಕಾಫಿ ಕುಡಿದ ಅಪ್ಪನ ಮಗಳು ನಾನು. "ಆ ಜನ" ಅನ್ನೋ ಎರಡು ಪದದೊಳಗೆ ಏನೇನಿದೆ ಅಂತ ನನಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಯಾರು ಸ್ವಾಮಿ "ಆ ಜನ"? ನಾನು ಆಮೇಲೆ ಎರಡು ರಾತ್ರಿ ಹೋಗಿ ಕೂತು ಮಾತಾಡಿಸಿದೆ, ಅದನ್ನ ಮುಂದೆ ಹೇಳ್ತೀನಿ. ಛತ್ರದಲ್ಲಿ ಪಾತ್ರೆ ತೊಳೆಯೋರು, ಕೆ.ಆರ್. ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸೋರು, ಚಿಂದಿ ಆಯೋರು, ಸಣ್ಣ ಹೋಟೆಲಿನ ಕ್ಲೀನರ್ ಹುಡುಗರು, ಮಗ ಮನೆಯಿಂದ ಹೊರಗೆ ಹಾಕಿದ ಒಬ್ಬ ಮುದುಕಿ, ದೊಡ್ಡಾಸ್ಪತ್ರೆಗೆ ಗಂಡನನ್ನ ಸೇರಿಸಿ ವಾರ್ಡಿನೊಳಗೆ ಜಾಗ ಸಿಗದ ಹೆಂಗಸು. ಭಾನುವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂತಿದ್ದವರು ಆ ವಾರ ಯಾವುದಾದರೂ ಮದುವೆಯಲ್ಲಿ ಊಟ ಮಾಡಿದ್ರೆ, ಅವರ ಎಂಜಲು ತಟ್ಟೆ ತೊಳೆದ ಕೈ ಪಾತಿ ಕಟ್ಟೆ ಮೇಲೆ ಕೂತಿತ್ತು.

ಇವರು ಆಕಾಶದಿಂದ ಬಿದ್ದವರಲ್ಲ. 2013 ರ ಜನವರಿಯಲ್ಲಿ ಈಜಿಪುರದ ಇಡಬ್ಲ್ಯುಎಸ್ ಕ್ವಾರ್ಟರ್ಸ್ ಜಾಗದಿಂದ 1500 ಕ್ಕೂ ಹೆಚ್ಚು ಕುಟುಂಬಗಳನ್ನ ಪೊಲೀಸರು ಮತ್ತು ಬುಲ್ಡೋಜರ್ ತಂದು ಎಬ್ಬಿಸಿದ್ರು. ಅವರಲ್ಲಿ ದಲಿತರೇ ಹೆಚ್ಚು. ಎಷ್ಟೋ ಕುಟುಂಬ ಅದೇ ಜಾಗದ ಪಕ್ಕದ ಫುಟ್‌ಪಾತಿನಲ್ಲಿ ವರ್ಷಗಟ್ಟಲೆ ಟಾರ್ಪಾಲು ಕಟ್ಕೊಂಡು ಕಳೆದ್ರು. ಮೊದಲು ಸೂರು ಕಿತ್ತು ಫುಟ್‌ಪಾತಿಗೆ ಹಾಕೋದು, ಆಮೇಲೆ ಫುಟ್‌ಪಾತಿನಿಂದ ಪಾರ್ಕಿಗೆ, ಪಾರ್ಕಿನಿಂದ ಫ್ಲೈಓವರ್ ಕೆಳಗೆ. ಕೊನೆಗೆ "ಎಲ್ಲಿಂದ ಬಂದವರೋ ಏನೋ" ಅನ್ನೋದು.

ಆವತ್ತು ಒಬ್ಬ ಹಿರಿಯರು ಎದ್ದು 1985 ರ ಪಾರ್ಕುಗಳ ಕಾಯ್ದೆ ತೋರಿಸಿದ್ರು. ಪಾರ್ಕಿನಲ್ಲಿ ಬೇರೆ ಚಟುವಟಿಕೆಗೆ ಅವಕಾಶ ಇಲ್ಲ, ಆಶ್ರಯ ಕೇಂದ್ರ ಅಂದ್ರೆ ಕಾನೂನು ಉಲ್ಲಂಘನೆ ಅಂತ. ಕಟ್ಟಡ ಇರೋದು ಪಾರ್ಕಿನ ಹಿಂದಿನ ರಸ್ತೆಯಲ್ಲಿ, ಪಾರ್ಕಿನೊಳಗೆ ಅಲ್ಲ ಸಾರ್, ಅಂದೆ. ಒಂದೇ ಅಲ್ವೇನಮ್ಮ ಅಂದ್ರು. ಕಾನೂನು ಗೊತ್ತಿರೋದು ಒಳ್ಳೇದೇ. ಆದರೆ ಕಾನೂನು ಆ ಒಂದು ಕಾಯ್ದೆಗೆ ನಿಲ್ಲಲ್ಲ.

ಸಂವಿಧಾನದ 15 ನೇ ವಿಧಿ, ಎರಡನೇ ಖಂಡ. ಬಾಬಾಸಾಹೇಬರು ಅನುಭವಿಸಿ ಬರೆಸಿದ್ದು ಅನ್ನಿಸುತ್ತೆ ನನಗೆ ಪ್ರತಿ ಸಲ ಓದುವಾಗಲೂ. ಸರ್ಕಾರದ ದುಡ್ಡಿನಲ್ಲಿ ನಡೆಯೋ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರೋ ಜಾಗ, ಇವುಗಳ ಬಳಕೆಗೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ಇವನ್ನೇ ಕಾರಣ ಮಾಡ್ಕೊಂಡು ಯಾರಿಗೂ ತಡೆ ಒಡ್ಡಬಾರದು. ಪಾರ್ಕು ಜನ ಸೇರೋ ಜಾಗ ಅಲ್ದೆ ಇನ್ನೇನು?

ಇನ್ನು ಆಶ್ರಯ ಕೇಂದ್ರದ ವಿಚಾರ. ಅದು ಯಾರೋ ದಾನ ಮಾಡೋದಲ್ಲ. 2009 ರ ಡಿಸೆಂಬರಿನಲ್ಲಿ, ದೆಹಲಿಯ ಕೊರೆಯೋ ಚಳಿಯಲ್ಲಿ, ಅಲ್ಲಿನ ಮಹಾನಗರ ಪಾಲಿಕೆ ಪೂಸಾ ರಸ್ತೆಯ ವೃತ್ತದಲ್ಲಿದ್ದ ತಾತ್ಕಾಲಿಕ ರಾತ್ರಿ ತಂಗುದಾಣ ಕೆಡವಿತು. ಕಾರಣ ಕೇಳಿದ್ರೆ ನಗ್ತೀರಿ, ಇಲ್ಲ ಅಳ್ತೀರಿ. ಆ ಜಾಗದಲ್ಲಿ ಹುಲ್ಲು ಬೆಳೆಸಿ ಅಂದ ಮಾಡೋಕೆ. ಚಳಿಗೆ ಜನ ಸತ್ತ ಸುದ್ದಿ ಬಂತು. ದೆಹಲಿ ಹೈಕೋರ್ಟ್ ತಾನೇ ಪ್ರಕರಣ ಕೈಗೆತ್ತಿಕೊಂಡಿತು. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010 ರಲ್ಲಿ ಮಧ್ಯೆ ಬಂತು. ಅಲ್ಲಿಂದ ಬಂದ ಲೆಕ್ಕ, ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ, ವರ್ಷಪೂರ್ತಿ, ದಿನದ 24 ಗಂಟೆ. 2011 ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ. ಹಳೇ ಲೆಕ್ಕ ಹಿಡಿದರೂ 84 ಕೇಂದ್ರ ಇರಬೇಕು. ನಿಮ್ಮ ಮನೆಗೆ ಹತ್ತಿರದ್ದು ಎಲ್ಲಿದೆ ಹೇಳಿ ನೋಡೋಣ. ನಮ್ಮ ಸಭೆಯಲ್ಲಿ ಈ ಪ್ರಶ್ನೆ ಕೇಳಿದೆ. ಅಧಿಕಾರಿಯೂ ಸೇರಿದಂತೆ ಒಬ್ಬರಿಗೂ ಗೊತ್ತಿರಲಿಲ್ಲ. ಕೋರ್ಟು "ಮಾಡಿ" ಅಂತ ಹೇಳಿರೋದನ್ನ, ವಾಕಿಂಗ್ ಮುಗಿಸಿ ಬಂದ ನಲವತ್ತು ಜನರ ಮುಂದೆ "ಮಾಡಬೇಕೋ ಬೇಡವೋ" ಅಂತ ಇಡೋ ಅಧಿಕಾರ ಇವರಿಗೆ ಕೊಟ್ಟೋರು ಯಾರು? ಎಲ್ಲಿ, ಹೇಗೆ ಅಂತ ಕೇಳಿ. ಬೇಕೋ ಬೇಡವೋ ಅನ್ನೋದು ನಿಮ್ಮ ನಮ್ಮ ಮರ್ಜಿಗೆ ಬಿಟ್ಟ ಪ್ರಶ್ನೆ ಅಲ್ಲ.

"ಟ್ಯಾಕ್ಸ್ ಕಟ್ಟೋರು ನಾವು" ಅನ್ನೋ ಮಾತೂ ಬಂತು, ಬರದೇ ಇರುತ್ತಾ. ಬೀಡಿ ಕಟ್ಟಿಗೂ ಸೋಪಿಗೂ ಅಜ್ಜನೂ ತೆರಿಗೆ ಕಟ್ತಾರೆ ಅನ್ನೋ ಉತ್ತರ ಎಲ್ಲರೂ ಕೊಡ್ತಾರೆ, ನಾನು ಬೇರೇದು ಹೇಳ್ತೀನಿ. ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಅದರಲ್ಲಿ ಭಿಕ್ಷುಕರ ಸೆಸ್ ಅಂತ ನೂರಕ್ಕೆ ಮೂರು ಇದೆ. 1975 ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ಇವರ ಹೆಸರಲ್ಲೇ ದುಡ್ಡು ವಸೂಲಿ ಆಗ್ತಿದೆ. ಪಾಲಿಕೆಗಳು ವಸೂಲಿ ಮಾಡಿದ್ದನ್ನ ಪೂರ್ತಿ ಕೊಟ್ಟಿಲ್ಲ ಅನ್ನೋ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತೆ. ಟ್ಯಾಕ್ಸ್ ಕಟ್ಟೋರಿಗೆ ಸಿಟ್ಟು ಬರಬೇಕಾದ ಜಾಗ ಅದು.

ಅದೇ ಸಭೆಯಲ್ಲಿ ಒಬ್ಬರು ಬಹಳ ಕರುಣೆಯಿಂದ, "ಮಾಗಡಿ ರಸ್ತೆ ನಿರಾಶ್ರಿತರ ಕೇಂದ್ರಕ್ಕೆ ಕಳಿಸಿ, ಅಲ್ಲಿ ಊಟ ಬಟ್ಟೆ ಎಲ್ಲ ಕೊಡ್ತಾರೆ" ಅಂದ್ರು. 2010 ರ ಆಗಸ್ಟಿನಲ್ಲಿ ಅದೇ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಎಷ್ಟು ಹೆಣ ಬಿದ್ದವು, ಸಮಾಜ ಕಲ್ಯಾಣ ಸಚಿವರು ಯಾಕೆ ರಾಜೀನಾಮೆ ಕೊಟ್ಟರು ಅನ್ನೋದು ಬಹುಶಃ ಅವರಿಗೆ ನೆನಪಿಲ್ಲ. ಪಾರ್ಕಿನಲ್ಲಿ ಮಲಗೋರಿಗೆ ನೆನಪಿದೆ. ಒಬ್ಬರಂತೂ ಬಿಳಿ ವ್ಯಾನು ಕಂಡ್ರೆ ಇವತ್ತಿಗೂ ಎದ್ದು ಓಡ್ತೀನಿ ಅಂದ್ರು. ಅವರು ದುಡಿದು ತಿನ್ನೋರು, ಭಿಕ್ಷೆ ಬೇಡೋರಲ್ಲ. ಹಿಡಿಯೋ ವ್ಯಾನಿಗೆ ಆ ವ್ಯತ್ಯಾಸ ಕಾಣಲ್ಲ.

ನಾನು ಎದ್ದು ಮಾತಾಡಿದೆ. ಆಶ್ರಯ ಕೇಂದ್ರ ಬೇಕು, ಅದು ತೆರೆಯೋವರೆಗೂ ಯಾರನ್ನೂ ಎಬ್ಬಿಸಬೇಡಿ, ಗ್ರಿಲ್ ದುಡ್ಡನ್ನ ಶೌಚಾಲಯಕ್ಕೆ ಹಾಕಿ, ಮುಂದಿನ ಸಭೆ ರಾತ್ರಿ ಮಾಡಿ. ಪಕ್ಕದ ಬೀದಿಯ ಟೈಲರ್ ಒಬ್ಬರು, ಕಾಲೇಜಿನ ಒಬ್ಬ ಹುಡುಗಿ ನನ್ನ ಜೊತೆ ದನಿಗೂಡಿಸಿದ್ರು. ಮೂರು ಜನ. ನಲವತ್ತರಲ್ಲಿ ಮೂರು ಕಮ್ಮಿಯೇ, ಒಪ್ಪೋಣ. ಹತ್ತು ದಿನಕ್ಕೆ ನಡಾವಳಿ ಕೈಗೆ ಸಿಕ್ತು. "ಸಾರ್ವಜನಿಕರ ಸರ್ವಾನುಮತದ ಅಭಿಪ್ರಾಯದಂತೆ" ಅಂತ ಶುರುವಾಗುತ್ತೆ.

ಸರ್ವಾನುಮತ.

ನಾನು ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಕಾಗದ ಹೊರುವವಳು. ಕಾಗದ ಹೇಗೆ ಹುಟ್ಟುತ್ತೆ, ಹೇಗೆ ಸಾಯುತ್ತೆ ನನಗೆ ಗೊತ್ತು. ಲೆಟರ್‌ಹೆಡ್ಡಿನಲ್ಲಿ, ಇಂಗ್ಲಿಷಿನಲ್ಲಿ, ಫೋಟೊ ಅಂಟಿಸಿ ಬಂದ ದೂರು ಅದೇ ದಿನ ಟಪಾಲಿನಲ್ಲಿ ನಂಬರ್ ಆಗಿ, ಷರಾ ಬರೆಸ್ಕೊಂಡು, ಸಾಹೇಬರ ಟೇಬಲ್ಲಿಗೆ ಹೋಗುತ್ತೆ. ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ಹೆಬ್ಬೆಟ್ಟು ಒತ್ತಿ ಬಂದದ್ದು "ಸಂಬಂಧಪಟ್ಟವರಿಗೆ ವರ್ಗಾಯಿಸಿ" ಆಗುತ್ತೆ. ಸಂಬಂಧಪಟ್ಟವರು ಯಾರು ಅಂತ ಯಾರಿಗೂ ಗೊತ್ತಿರಲ್ಲ. ಎಣಿಸೋ ರೀತಿಯೂ ಹಾಗೇ. ಒಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದ ಇಮೇಲನ್ನ ನೂರು ಜನ ಕಾಪಿ ಮಾಡಿ ಕಳಿಸಿದ್ರೆ ಅದು ನೂರು ಆಕ್ಷೇಪಣೆ. ನೂರು ಪೌರಕಾರ್ಮಿಕರು ಒಂದೇ ಹಾಳೆಗೆ ಸಹಿ ಹಾಕಿದ್ರೆ ಅದು ಒಂದು ಮನವಿ. ಇದನ್ನ ಯಾರೂ ದ್ವೇಷದಿಂದ ಮಾಡ್ತಿಲ್ಲ. ನಾನೇ ಹೀಗೆ ಎಣಿಸಿ ಕೊಟ್ಟಿದ್ದೀನಿ, ಹಾಗೇ ಕಲಿಸಿದ್ರು, ಹಾಗೇ ಮಾಡ್ದೆ. ತಾರತಮ್ಯ ಅಂದ್ರೆ ಯಾರೋ ಮೀಸೆ ತಿರುವೋ ಗೌಡ ಮಾಡೋದು ಅಂದ್ಕೊಂಡಿರ್ತೀವಿ. ಅದು ಫಾರಂನ ಎರಡನೇ ಕಾಲಂನಲ್ಲಿ ಕೂತಿರುತ್ತೆ.

ಮಹಾಡದ ಕಥೆ ನಿಮಗೆ ಹೇಳಬೇಕಾಗಿಲ್ಲ, ಪ್ರತಿ ಮಾರ್ಚ್ 20 ಕ್ಕೆ ಹೇಳ್ತೀವಿ. ಆದರೆ ನಾವು ನೀರು ಮುಟ್ಟಿದ್ದನ್ನ ಹೇಳಿ ನಿಲ್ಲಿಸ್ತೀವಿ, ಕೇಸು ಏನಾಯ್ತು ಅಂತ ಹೇಳಲ್ಲ. ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಮಹಾಡದ ಪುರಸಭೆಯೇ 1924 ರಲ್ಲಿ ಠರಾವು ಮಾಡಿತ್ತು. 1927 ರ ಮಾರ್ಚಿನಲ್ಲಿ ಬಾಬಾಸಾಹೇಬರು ಹೋಗಿ ನೀರು ಮುಟ್ಟಿದ ಮೇಲೆ, ಆಗಸ್ಟಿನಲ್ಲಿ ಅದೇ ಪುರಸಭೆ ತನ್ನ ಠರಾವನ್ನ ವಾಪಸ್ ತಗೊಂಡಿತು. ಆಮೇಲೆ ಸವರ್ಣೀಯರು ಕೋರ್ಟಿಗೆ ಹೋದ್ರು. ಅವರ ವಾದ ಗೊತ್ತಾ? ಈ ಕೆರೆ ಸಾರ್ವಜನಿಕ ಅಲ್ಲವೇ ಅಲ್ಲ, ಇದು ಖಾಸಗಿ ಸ್ವತ್ತು, ಇಲ್ಲಿ ನಮ್ಮದು ರೂಢಿಯ ಹಕ್ಕು. ಕೆರೆಯ ಸುತ್ತ ಇದ್ದ ಮನೆಗಳು ಬಹುತೇಕ ಅವರವೇ. ಬಾಬಾಸಾಹೇಬರು ಹತ್ತು ವರ್ಷ ಈ ಕೇಸು ಎಳೆದಾಡಬೇಕಾಯ್ತು. 1937 ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟ್ ಆ ವಾದ ಒಪ್ಪಲಿಲ್ಲ, ಕೆರೆ ಪುರಸಭೆಯದ್ದೇ ಅಂತಾಯ್ತು.

ಕೆರೆ ಸುತ್ತ ಮನೆ ಇದ್ದೋರೇ ಕೆರೆಯ ಸಾರ್ವಜನಿಕರು. ಪಾರ್ಕ್ ಸುತ್ತ ಮನೆ ಇದ್ದೋರೇ ಪಾರ್ಕಿನ ಸಾರ್ವಜನಿಕರು. ನೂರು ವರ್ಷ ಆಯ್ತು.

2024 ರ ಜೂನಿನವರೆಗೂ ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನ ಮಧ್ಯಾಹ್ನದ ಹೊತ್ತು ಮುಚ್ಚಿ ಇಡ್ತಿದ್ರು. ಮರದ ನೆರಳು ಜಾಸ್ತಿ ಬೇಕಾದ ಹೊತ್ತಿನಲ್ಲೇ ಗೇಟಿಗೆ ಬೀಗ. ಡೆಲಿವರಿ ಹುಡುಗರು, ಗಾರೆ ಕೆಲಸದವರು, ಮನೆಗೆಲಸದ ಹೆಂಗಸರು ಕಾಂಪೌಂಡಿನ ಹೊರಗೆ ಫುಟ್‌ಪಾತಿನಲ್ಲಿ ಡಬ್ಬಿ ಬಿಚ್ಚಿ ತಿನ್ನೋರು. ಆಮೇಲೆ ಬೆಳಿಗ್ಗೆ 5 ರಿಂದ ರಾತ್ರಿ 10 ರವರೆಗೂ ತೆರೆದಿಡಿ ಅಂತ ಆದೇಶ ಬಂತು. ನಮ್ಮ ಬಡಾವಣೆ ಗುಂಪಿನಲ್ಲಿ ಮೂರು ದಿನ ಸೂತಕ. ಯಾರ್ಯಾರೋ ಬಂದು ಮಲಗ್ತಾರೆ ಅಂತ. ಮರದ ಕೆಳಗೆ ಮಧ್ಯಾಹ್ನ ಅರ್ಧ ಗಂಟೆ ಕಣ್ಣು ಮುಚ್ಚಿದ್ರೆ ಇವರ ಗಂಟೇನು ಹೋಗುತ್ತೋ.

ಒಂದು ಮಾತು ನೇರವಾಗಿ. ಎದುರು ಪಕ್ಷದಲ್ಲಿ ಹೇಳಿದ್ದೆಲ್ಲ ಸುಳ್ಳು ಅಂತ ನಾನು ಹೇಳಲ್ಲ. ಕತ್ತಲಾದ ಮೇಲೆ ಆ ಪಾರ್ಕಿನ ಪಕ್ಕ ನಾನೂ ಬಿರಬಿರನೆ ನಡೀತೀನಿ. ಬೆಂಚಿನ ಮೇಲೆ ಕುಡಿಯೋರು ಇದ್ದಾರೆ, ಬಾಟಲಿ ಒಡೀತಾರೆ, ಕೆಟ್ಟ ಮಾತಾಡ್ತಾರೆ. ಆ ಭಯ ನಿಜ. ಆದರೆ ಅವರು ಬೈಕಿನಲ್ಲಿ ಬಂದು, ಕುಡಿದು, ಬೈಕಿನಲ್ಲೇ ಮನೆಗೆ ಹೋಗೋರು. ಮನೆ ಇರೋರು. ಅವರ ಕಾಟ ಜಾಸ್ತಿ ಆಗೋದು ನಮಗಿಂತ ಅಲ್ಲೇ ಮಲಗೋ ಹೆಂಗಸರಿಗೆ. ಗಲೀಜು ಅಂತಾರಲ್ಲ, ಅದೂ ನಿಜ. ಪಾರ್ಕಿನ ಶೌಚಾಲಯಕ್ಕೆ ರಾತ್ರಿ ಎಂಟಕ್ಕೆ ಬೀಗ ಬೀಳುತ್ತೆ. ಬೀಗ ಹಾಕಿದೋರು ಯಾರು ಅಂತ ಯಾರೂ ಕೇಳಲ್ಲ. ಪಾರ್ಕಿನಲ್ಲಿ ಮಲಗೋದೇ ಹಕ್ಕು, ಹಾಗೇ ಬಿಟ್ಟುಬಿಡಿ ಅನ್ನೋ ವಾದವೂ ನನ್ನದಲ್ಲ. ಸೊಳ್ಳೆ ಕಚ್ಚಿಸ್ಕೊಂಡು, ಚಪ್ಪಲಿ ತಲೆ ಕೆಳಗೆ ಇಟ್ಕೊಂಡು ಮಲಗೋ ಆಸೆ ಯಾರಿಗೂ ಇರಲ್ಲ.

ಈಗ ಆ ಎರಡು ರಾತ್ರಿಯ ವಿಚಾರ. ನಡಾವಳಿ ಓದಿದ ಮೇಲೆ ನಿದ್ದೆ ಬರಲಿಲ್ಲ. ಟೈಲರ್ ಅಣ್ಣ, ಆ ಹುಡುಗಿ, ನಾನು ಮೂವರೂ ಒಂದು ಲಾಂಗ್ ಬುಕ್, ಇಂಕ್ ಪ್ಯಾಡ್ ತಗೊಂಡು ರಾತ್ರಿ ಹತ್ತೂವರೆಗೆ ಹೋದ್ವಿ. ಮೊದಲು ಯಾರೂ ಮಾತಾಡಲಿಲ್ಲ. ಸರ್ವೆ ಅಂದ್ರೆ ಮಾರನೇ ದಿನ ಪೊಲೀಸು ಅಂತ ಅವರ ಅನುಭವ. ಅಜ್ಜ ಗುರುತು ಹಿಡಿದು ಕೂರಿಸ್ಕೊಂಡ ಮೇಲೆ ಒಬ್ಬೊಬ್ಬರೇ ಬಂದ್ರು. ಎರಡು ರಾತ್ರಿಗೆ ಇಪ್ಪತ್ತಮೂರು ಜನ.

ಅವರು ಹೇಳಿದ್ದು ಭಾನುವಾರದ ಸಭೆಯ ಒಬ್ಬರ ತಲೆಗೂ ಬಂದಿರಲಿಲ್ಲ. ನನ್ನ ತಲೆಗೂ ಬಂದಿರಲಿಲ್ಲ. ಆಶ್ರಯ ಕೇಂದ್ರದ ಬಾಗಿಲು ರಾತ್ರಿ ಒಂಬತ್ತಕ್ಕೆ ಹಾಕಿ ಬೆಳಿಗ್ಗೆ ಆರಕ್ಕೆ ತೆಗೆದ್ರೆ ನಮಗೆ ಉಪಯೋಗ ಇಲ್ಲ, ಮಾರ್ಕೆಟ್ಟಿಗೆ ಲೋಡು ಬರೋದೇ ಮೂರಕ್ಕೆ, ಅಂದ್ರು ಮೂಟೆ ಹೊರೋರು. ಛತ್ರದ ಕೆಲಸ ಮುಗಿಯೋದೇ ರಾತ್ರಿ ಒಂದಕ್ಕೆ, ಆಗ ಬಂದ್ರೆ ತೆಗೀತಾರಾ ಅಂತ ಅಜ್ಜ. ಆಧಾರ್ ಕೇಳ್ತಾರಾ? ಕಳೆದುಹೋಗಿದೆ. ಚಿಂದಿ ಮೂಟೆ ಎಲ್ಲಿ ಇಡೋದು, ಒಳಗೆ ಬಿಡಲ್ಲ, ಹೊರಗಿಟ್ಟರೆ ಹೋಗುತ್ತೆ, ಅದೇ ನನ್ನ ಎರಡು ದಿನದ ಕೂಲಿ. ಗಂಡಸರಿಗೂ ಹೆಂಗಸರಿಗೂ ಒಂದೇ ಕಟ್ಟಡ ಆದ್ರೆ ನಾನು ಬರಲ್ಲ, ಇಲ್ಲೇ ವಾಸಿ, ಅಂದ್ರು ಆ ಮುದುಕಿ ಅವ್ವ. ಗಂಡ ಹೆಂಡತಿ ಮಗು ಇರೋ ಒಂದು ಕುಟುಂಬ, ನಮ್ಮನ್ನ ಬೇರೆ ಬೇರೆ ಮಾಡ್ತೀರಾ ಅಂತ ಕೇಳಿತು. ಒಂದು ಬೀಗ ಇರೋ ಪೆಟ್ಟಿಗೆ ಕೊಟ್ಟರೆ ಸಾಕು, ಹಾಸಿಗೆ ಇಲ್ಲದಿದ್ದರೂ ನಡೆಯುತ್ತೆ ಅಂದವರು ಆರು ಜನ.

ಮತ್ತೆ ಇನ್ನೊಂದು. ಪಾರ್ಕಿಗೆ ಲೈಟು ಜಾಸ್ತಿ ಹಾಕಿಸಿ, ಕುಡಿಯೋರನ್ನ ಒಳಗೆ ಬಿಡಬೇಡಿ, ರಾತ್ರಿ ಇಬ್ಬರು ಸೆಕ್ಯೂರಿಟಿ ಇರಲಿ ಅಂತ ಕೇಳಿದ್ದು ಅಲ್ಲಿ ಮಲಗೋ ಹೆಂಗಸರು. ವಾಕಿಂಗಿನ ಹೆಂಗಸರು ಕೇಳಿದ್ದೂ ಅದನ್ನೇ, ಹೆಚ್ಚುಕಮ್ಮಿ ಅದೇ ಮಾತಲ್ಲಿ. ಇಬ್ಬರನ್ನೂ ಒಂದು ಸಲ ಎದುರು ಬದುರು ಕೂರಿಸಿದ್ರೆ ಅರ್ಧ ನಡಾವಳಿ ಬೇರೆ ಆಗಿರೋದು.

ಇದೆಲ್ಲ ಆಗಲ್ಲ, ವಿಳಾಸ ಇಲ್ಲದೋರ ಅಭಿಪ್ರಾಯ ಕೇಳೋದು ಹೇಗೆ ಅಂತ ಕೇಳ್ತಾರೆ. ಸರ್ಕಾರಕ್ಕೆ ಚೆನ್ನಾಗಿ ಗೊತ್ತು ಹೇಗೆ ಅಂತ. 2011 ರ ಜನಗಣತಿಯಲ್ಲಿ ಮನೆಯಿಲ್ಲದವರನ್ನ ಎಣಿಸಿದ್ದು ಫೆಬ್ರವರಿ 28 ರ ರಾತ್ರಿ, ಅವರು ಮಲಗೋ ಜಾಗಕ್ಕೇ ಹೋಗಿ. ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿದ್ರು. ಚುನಾವಣಾ ಆಯೋಗದ ನಿಯಮ ನೋಡಿ. ಮನೆಯಿಲ್ಲದವರು ಮತದಾರರ ಪಟ್ಟಿಗೆ ಅರ್ಜಿ ಹಾಕಿದ್ರೆ ವಿಳಾಸದ ದಾಖಲೆ ಬೇಡ, ಬಿಎಲ್ಒ ರಾತ್ರಿ ಹೊತ್ತು ಹೋಗಿ ಆ ಮನುಷ್ಯ ನಿಜವಾಗಿ ಅಲ್ಲೇ ಮಲಗ್ತಾನಾ ಅಂತ ನೋಡಿದ್ರೆ ಸಾಕು. ಎಣಿಸೋಕೆ ರಾತ್ರಿ ಹೋಗ್ತೀರಿ, ವೋಟಿಗೆ ರಾತ್ರಿ ಹೋಗ್ತೀರಿ, ಎಬ್ಬಿಸಿ ಓಡಿಸೋಕಂತೂ ಬೆಳಗಿನ ಜಾವವೇ ಹೋಗ್ತೀರಿ. ಕೇಳೋಕೆ ಮಾತ್ರ ಭಾನುವಾರ ಏಳೂವರೆ.

ಬೀದಿ ವ್ಯಾಪಾರಿಗಳ 2014 ರ ಕಾಯ್ದೆಯಲ್ಲಿ ಪಟ್ಟಣ ಮಾರಾಟ ಸಮಿತಿಗೆ ಕನಿಷ್ಠ ಶೇ. 40 ರಷ್ಟು ವ್ಯಾಪಾರಿಗಳೇ ಇರಬೇಕು, ಅವರನ್ನ ಅವರೇ ಆರಿಸಬೇಕು. ಜಾರಿ ಹೇಗಿದೆ ಅನ್ನೋದು ಬೇರೆ ಮಾತು, ಆದರೆ ತಳ್ಳುಗಾಡಿಯವರ ಬಗ್ಗೆ ತಳ್ಳುಗಾಡಿಯವರಿಲ್ಲದೆ ತೀರ್ಮಾನ ಮಾಡಬಾರದು ಅಂತ ಪಾರ್ಲಿಮೆಂಟೇ ಒಪ್ಪಿದೆ. ನಮ್ಮೂರಿಗೆ ಮೊದಲು ಅನ್ವಯಿಸ್ತಿದ್ದ ನಗರಪಾಲಿಕೆ ಕಾಯ್ದೆಯ ವಾರ್ಡ್ ಸಮಿತಿ ನೋಡಿ. ಹತ್ತು ಸದಸ್ಯರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಮೂವರು ಮಹಿಳೆಯರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕಿತ್ತು. ನಿವಾಸಿಗಳ ಸಂಘಕ್ಕೆ ಹೆಸರು ಹಿಡಿದು ಕುರ್ಚಿ. ಸೂರಿಲ್ಲದವರಿಗೆ ಇರಲಿಲ್ಲ. ಅದೂ 2020 ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದ ಊರು ಇದು. ಹೋಗಿ ಬಾಗಿಲು ತಟ್ಟೋಣ ಅಂದ್ರೆ ಬಾಗಿಲೂ ಇಲ್ಲ.

ಈಗ ನಮ್ಮ ಮನೆ ಮಾತು. ಇದಕ್ಕೆ ಕೆಲವರಿಗೆ ಬೇಜಾರಾಗುತ್ತೆ, ಆಗಲಿ. ಇದೇ ಪಾರ್ಕಿನಲ್ಲಿ ಬಾಬಾಸಾಹೇಬರ ಪ್ರತಿಮೆ ಇಡೋ ವಿಚಾರ ಬಂದಿದ್ರೆ ಭಾನುವಾರ ನಾವು ಇನ್ನೂರು ಜನ ನೀಲಿ ಶಾಲು ಹಾಕ್ಕೊಂಡು ಬಂದಿರ್ತಿದ್ವಿ. ಬರಲೇಬೇಕು, ಪ್ರತಿಮೆ ಬೇಡ ಅನ್ನೋಳಲ್ಲ ನಾನು. ಆದರೆ ಆ ಪ್ರತಿಮೆಯ ಕಟ್ಟೆ ಕೆಳಗೆ ಮಲಗೋ ಮನುಷ್ಯನಿಗೆ ನಾವು ಮೂರೇ ಜನ ಬಂದ್ವಿ, ಅದರಲ್ಲೂ ಟೈಲರ್ ಅಣ್ಣ ನಮ್ಮ ಚಳವಳಿಯವರಲ್ಲ. ಇನ್ನೂ ನೋವಾಗಿದ್ದು, ಗ್ರಿಲ್ ಬೇಕು ಅಂತ ಕೈ ಎತ್ತಿದವರಲ್ಲಿ ನಮ್ಮವರೇ ಒಬ್ಬರಿದ್ರು. ಕಷ್ಟಪಟ್ಟು ಓದಿ, ಸಾಲ ಮಾಡಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದೋರು. ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು, "ಏನು ಮಾಡ್ಲಿ ಮೇಡಂ, ಇವರ ಮಧ್ಯೆ ಬದುಕಬೇಕಲ್ಲ" ಅಂದ್ರು. ಅವರಿಗೆ ಬೈಯ್ಯೋಕೆ ನನಗೆ ಬಾಯಿ ಬರಲಿಲ್ಲ. ಈ ಬೀದಿಯಲ್ಲಿ ಮನೆ ಬಾಡಿಗೆಗೆ ಕೇಳುವಾಗ ನಾನು ಎಷ್ಟು ಕಡೆ "ನಾವು ವೆಜ್ಜು" ಅಂತ ಸುಳ್ಳು ಹೇಳಿದ್ದೀನಿ ಅನ್ನೋದು ನನಗೆ ಗೊತ್ತು.

ಆ ಇಪ್ಪತ್ತಮೂರು ಜನರ ಮಾತನ್ನ ಅವರು ಹೇಳಿದ ಹಾಗೇ ಬರೆದು, ಓದಿ ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಹಾಳೆ ಮಾಡಿದ್ವಿ. ಒಂದೇ ಹಾಳೆ ಮಾಡಿದ್ರೆ ಒಂದೇ ಮನವಿ ಆಗುತ್ತಲ್ಲ, ಅದಕ್ಕೆ. ಸೋಮವಾರ ಅರ್ಧ ದಿನ ರಜೆ ಹಾಕಿ ಹೋಗಿ ಕೊಟ್ಟೆ. ಕೌಂಟರಿನ ಹುಡುಗಿ ಮೊದಲ ಹಾಳೆ ನೋಡಿ ವಿಳಾಸ ಎಲ್ಲಿ ಮೇಡಂ ಅಂದಳು. ಇದೆಯಲ್ಲಮ್ಮ, ಓದು ಅಂದೆ. ಇಪ್ಪತ್ತಮೂರರಲ್ಲೂ ಪಾರ್ಕಿನ ಹೆಸರು, ರಸ್ತೆ, ಪಿನ್ ಕೋಡು ಬರೆದಿದ್ವಿ. ಕೆಲವರು ಮಂಟಪ, ಕೆಲವರು ಉತ್ತರದ ಗೇಟು, ಅಜ್ಜ ನೀರಿನ ಟ್ಯಾಂಕಿನ ಪಕ್ಕ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಇಪ್ಪತ್ತಮೂರಕ್ಕೂ ಬೇರೆ ಬೇರೆ ಇನ್‌ವರ್ಡ್ ನಂಬರ್ ಹಾಕಿ ಸೀಲು ಒತ್ತಿದಳು. ಕಾಲು ಗಂಟೆ ಹಿಡೀತು. ಹಿಂದೆ ಸಾಲಿನಲ್ಲಿದ್ದವರು ಬೈದ್ರು.

ಸರ್ವಾನುಮತ ಅನ್ನೋ ಪದ ತೆಗೀಬೇಕು, ಮತ್ತೊಂದು ಸಭೆ ರಾತ್ರಿ ಹತ್ತರ ಮೇಲೆ ಅದೇ ಮಂಟಪದಲ್ಲಿ ಮಾಡಬೇಕು, ಅಲ್ಲಿಯವರೆಗೂ ತೆರವು ಇಲ್ಲ ಅಂತ ಲಿಖಿತವಾಗಿ ಕೊಡಬೇಕು ಅಂತ ಬೇರೆ ಅರ್ಜಿ ಕೊಟ್ಟಿದ್ದೀನಿ. ಉತ್ತರ ಬಂದಿಲ್ಲ. ಗ್ರಿಲ್ಲಿನ ಕಬ್ಬಿಣ ಮಾತ್ರ ನಿನ್ನೆ ಬಂದು ಗೇಟಿನ ಹತ್ರ ಬಿದ್ದಿದೆ.

ಶುಕ್ರವಾರ ರಾತ್ರಿ ಮತ್ತೆ ಹೋಗ್ತಿದ್ದೀವಿ. ಪಕ್ಕದ ಫ್ಲೈಓವರ್ ಕೆಳಗೆ ಇರೋರನ್ನೂ ಸೇರಿಸಿದ್ರೆ ಇನ್ನೂ ನಲವತ್ತು ಐವತ್ತು ಹಾಳೆ ಆಗುತ್ತೆ, ಮೂವರಿಂದ ಆಗಲ್ಲ. ಕನ್ನಡದ ಜೊತೆ ತೆಲುಗು, ತಮಿಳು, ಹಿಂದಿ ಬರೋರು ಬೇಕು. ಕ್ಯಾಮೆರಾ ತರಬೇಡಿ, ಫೇಸ್‌ಬುಕ್ ಲೈವ್ ಮಾಡಬೇಡಿ, ಊಟದ ಪೊಟ್ಟಣ ಹಿಡ್ಕೊಂಡು ಫೋಟೊ ತೆಗೆಸ್ಕೊಳ್ಳೋರು ದಯವಿಟ್ಟು ಬರಲೇಬೇಡಿ. ಬರೋರು ಇನ್‌ಬಾಕ್ಸಿಗೆ ಮೆಸೇಜ್ ಹಾಕಿ, ಎಲ್ಲಿ ಸೇರೋದು ಅಂತ ಹೇಳ್ತೀನಿ. ಹತ್ತೂವರೆಗೆ ಸರಿಯಾಗಿ. ಲಾಂಗ್ ಬುಕ್, ಇಂಕ್ ಪ್ಯಾಡ್ ನಾನು ತರ್ತೀನಿ. ಸೊಳ್ಳೆ ಜಾಸ್ತಿ, ತುಂಬು ತೋಳಿನ ಬಟ್ಟೆ ಹಾಕ್ಕೊಂಡು ಬನ್ನಿ.